ದುಃಖದ ಚಿತ್ರ ಬಿಡಿಸೋಕೆ ಕಣ್ಣೀರು ಬೇಕಾಗಿಲ್ಲ

ಹೆಣ್ಣಿನ ದುಃಖವನ್ನು ಚಿತ್ರದಲ್ಲಿ ಬಿಡಿಸಬೇಕು ಅಂದರೆ ನಮ್ಮಲ್ಲಿ ಬಹಳ ಜನ ಮೊದಲು ಕಣ್ಣಿಗೇ ಕೈ ಹಾಕುತ್ತಾರೆ. ಒಂದು ಹನಿ ನೀರು, ಬಗ್ಗಿಸಿದ ತಲೆ, ಮುಗಿಯಿತು. ನನಗೆ ಅದು ಸಾಲದು ಅನ್ನಿಸಿತ್ತು. ಅದಕ್ಕೇ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಚಿತ್ರಕಾರ ರೊಸೆಟ್ಟಿಯ 'ಬಿಯಾಟಾ ಬಿಯಾಟ್ರಿಕ್ಸ್' ಚಿತ್ರ ಎದುರಿಗಿಟ್ಟುಕೊಂಡು ಆಯಿಲ್ ಬಣ್ಣದಲ್ಲಿ ಒಂದು ಸ್ಟಡಿ, ಅಂದರೆ ನೋಡಿ ಕಲಿಯುವ ಅಭ್ಯಾಸಚಿತ್ರ, ಮಾಡಿದೆ. ಮೂಲಚಿತ್ರ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿಯಲ್ಲಿದೆ, ನನ್ನ ಹತ್ತಿರ ಇದ್ದದ್ದು ಒಂದು ಒಳ್ಳೆಯ ಪ್ರಿಂಟ್.

ಚಿತ್ರದಲ್ಲಿರುವುದು ಅವನ ಹೆಂಡತಿ ಎಲಿಜಬೆತ್ ಸಿಡಲ್. 1862ರಲ್ಲಿ ಲಾಡನಮ್, ಅಂದರೆ ಅಫೀಮಿನ ಔಷಧಿ, ಜಾಸ್ತಿಯಾಗಿ ತೀರಿಕೊಂಡಳು. ಆಮೇಲೆ ಹಳೆಯ ಸ್ಕೆಚ್‌ಗಳನ್ನು ಇಟ್ಟುಕೊಂಡು ರೊಸೆಟ್ಟಿ ಅವಳನ್ನೇ ಇಟಲಿಯ ಕವಿ ಡಾಂಟೆ ಪ್ರೀತಿಸಿದ ಬಿಯಾಟ್ರಿಸ್ ಮಾಡಿದ. ಕೆಂಪು ಹಕ್ಕಿಯೊಂದು ಅವಳ ಕೈಗೆ ಬಿಳಿ ಗಸಗಸೆ ಹೂವು ತಂದುಕೊಡುತ್ತಿದೆ. ಅಫೀಮು ಬರುವುದೂ ಆ ಗಿಡದಿಂದಲೇ ಅಲ್ವಾ! ಕಣ್ಣು ಮುಚ್ಚಿದೆ, ಒಂದು ಹನಿಯೂ ಇಲ್ಲ.

ಬೆಳಕು ಹಿಂದಿನಿಂದ ಬರುತ್ತದೆ, ಮುಖವೆಲ್ಲ ನೆರಳು. ನಾನು ಬರ್ಂಟ್ ಅಂಬರ್ ಅನ್ನುವ ಗಾಢ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು, ಬೆಳಕು ಬೇಕಾದ ಕಡೆ ಮಾತ್ರ ಹಳೆ ಬಟ್ಟೆಯಲ್ಲಿ ಒರೆಸಿ ತೆಗೆದೆ. ಮುಖಕ್ಕೆ ಮಂಕು ಹಸಿರಿನ ಒಂದು ಪದರ, ಅದು ಚೆನ್ನಾಗಿ ಒಣಗಿದ ಮೇಲೆ ತೆಳು ಕೆಂಪು. ಅಡಿಯ ಹಸಿರು ಒಂಚೂರು ಇಣುಕಿದರೆ ಸಾಕು, ಮುಖ ಬಳಲಿದಂತೆ ಕಾಣುತ್ತದೆ. ಬಣ್ಣ ಹಸಿ ಇರುವಾಗಲೇ ಒಣ ಬ್ರಷ್ ಆಡಿಸಿ ಕೆನ್ನೆ, ಕೂದಲು ಸೇರುವ ಗೆರೆ ಅಳಿಸಿದೆ. ಗೆರೆ ಗಟ್ಟಿ ಇದ್ದರೆ ಅವಳು ಇಲ್ಲೇ ಕೂತಿದ್ದಾಳೆ, ಕರಗಿದರೆ ಹೊರಟಿದ್ದಾಳೆ.

ಕೈಗಳಿಗೆ ಹಿಡಿದಷ್ಟು ಹೊತ್ತು ಮುಖಕ್ಕೂ ಹಿಡಿಯಲಿಲ್ಲ. ಅಂಗೈ ಮೇಲಾಗಿ ಮಡಿಲಲ್ಲಿ ಸುಮ್ನೆ ಬಿಟ್ಟ ಕೈ. ಬೆರಳು ಮಡಚಿದರೆ ಬೇಡಿದ ಹಾಗೆ, ಚಾಚಿದರೆ ನಾಟಕದ ಹಾಗೆ. ಎರಡರ ನಡುವೆ ನಿಲ್ಲಿಸಬೇಕು.

ಇಷ್ಟಾದ ಮೇಲೆ ನನ್ನದೇ ಆದ ಒಂದು ಚಿತ್ರ ಶುರು ಮಾಡಿದೆ. ಅದಕ್ಕೆ ಗಸಗಸೆ ಬೇಡ ಅಂದುಕೊಂಡೆ. ನಮ್ಮವರಿಗೆ ಗಸಗಸೆ ಅಂದರೆ ಪಾಯಸ, ಬಹಳ ಅಂದರೆ ಊಟದ ಮೇಲಿನ ನಿದ್ದೆ! ಪಾರಿಜಾತ ಆದರೆ ಯಾರಿಗೂ ವಿವರಿಸಬೇಕಿಲ್ಲ, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲ ಸೇರುವ ಹೂವು. ಮಡಿಲಲ್ಲಿ ನಾಲ್ಕೈದು ಬಿಡಿಸಿದೆ, ತೊಟ್ಟಿನ ಕಿತ್ತಳೆ ಬಣ್ಣವನ್ನೇ ತುಟಿಗೂ ಸ್ವಲ್ಪ ಮುಟ್ಟಿಸಿದೆ. ನೀವು ಮಾಡುವುದಾದರೆ ಎಸಳಿಗೆ ಶುದ್ಧ ಬಿಳಿ ಹಾಕಬೇಡಿ, ಹೂವೊಂದೇ ಎದ್ದು ಕೂರುತ್ತದೆ. ಮುಖದ ನೆರಳಿಗೆ ಹಾಕಿದ ಅಂಬರನ್ನೇ ಚೂರು ಬೆರೆಸಿ.