ಪೈ ಚಾರ್ಟೋ ಬಾರ್ ಚಾರ್ಟೋ? ಮೊದಲು ಕೂಡಿ ನೋಡಿ

ಎಕ್ಸೆಲ್‌ಗೆ ಯಾವ ಅಂಕಿಗಳನ್ನು ಕೊಟ್ಟರೂ ಪೈ ಚಾರ್ಟ್, ಅಂದರೆ ಹೋಳು ಹೋಳಾಗಿ ಪಾಲು ತೋರಿಸುವ ವೃತ್ತ, ಮಾಡಿಕೊಡುತ್ತದೆ. ಇದಕ್ಕೆ ಪೈ ಹೊಂದುವುದಿಲ್ಲ ಎಂದು ಅಪ್ಪಿತಪ್ಪಿಯೂ ಹೇಳುವುದಿಲ್ಲ. 2011ರ ಜನಗಣತಿಯ ಸಾಕ್ಷರತೆ ಪ್ರಮಾಣವನ್ನೇ ತೆಗೆದುಕೊಳ್ಳಿ. ದಕ್ಷಿಣ ಕನ್ನಡ ಶೇ 88.57, ಬೆಂಗಳೂರು ನಗರ 87.67, ಉಡುಪಿ 86.24, ರಾಯಚೂರು 59.56, ಯಾದಗಿರಿ 51.83. ಈ ಐದನ್ನೂ ಆಯ್ದು ಪೈ ಚಾರ್ಟ್ ಮಾಡಿ, ಶೇಕಡಾವಾರು ಲೇಬಲ್ ಹಾಕಿದರೆ ದಕ್ಷಿಣ ಕನ್ನಡದ ಹೋಳಿನ ಮೇಲೆ 24% ಎಂದೂ ಯಾದಗಿರಿಯದರ ಮೇಲೆ 14% ಎಂದೂ ಬರುತ್ತದೆ. ಐದು ಜಿಲ್ಲೆಗಳ ಪ್ರಮಾಣ ಕೂಡಿದರೆ 373.87. ಆ ಮೊತ್ತಕ್ಕೆ ಅರ್ಥವೇ ಇಲ್ಲ, ಆದರೆ ಎಕ್ಸೆಲ್ ಅದನ್ನೇ ‘ಪೂರ್ತಿ’ ಎಂದು ಹಿಡಿದು ಪಾಲು ಹಂಚಿಬಿಟ್ಟಿದೆ. ನೋಡಿದವರು ದಕ್ಷಿಣ ಕನ್ನಡದಲ್ಲಿ ನೂರಕ್ಕೆ ಇಪ್ಪತ್ತನಾಲ್ಕೇ ಮಂದಿ ಓದು ಬಲ್ಲವರು ಎಂದುಕೊಂಡರೆ ತಪ್ಪು ಅವರದಲ್ಲ.

ಆದ್ದರಿಂದ ಚಿತ್ರಕ್ಕೆ ಕೈಹಾಕುವ ಮುನ್ನ ಅಂಕಿಗಳನ್ನು ಒಮ್ಮೆ ಕೂಡಿ. ಬಂದ ಮೊತ್ತಕ್ಕೆ ಒಂದು ಹೆಸರು ಕೊಡಲು ಬರುತ್ತದೆಯೇ? ‘ವಿಧಾನಸಭೆಯ ಒಟ್ಟು 224 ಸ್ಥಾನ’, ‘ಪಂಚಾಯಿತಿಯ ಈ ವರ್ಷದ ಒಟ್ಟು ಖರ್ಚು’ ಎಂದು ಹೇಳಲು ಬಂದರೆ ಪೈ ಚಾರ್ಟ್ ಪರಿಗಣಿಸಬಹುದು. ಹೆಸರು ಸಿಗದಿದ್ದರೆ ಯೋಚಿಸುವುದೇ ಬೇಡ, ಅಂಕಿಗೊಂದು ಕಂಬ ನಿಲ್ಲಿಸುವ ಬಾರ್ ಚಾರ್ಟ್. ಸರಾಸರಿ, ದರ, ಉಷ್ಣಾಂಶ, ಎಕರೆವಾರು ಇಳುವರಿ ಇವೆಲ್ಲ ಇಲ್ಲಿಯೇ ಹೊರಬೀಳುತ್ತವೆ. ನಷ್ಟ ತೋರಿಸುವ ಮೈನಸ್ ಅಂಕಿಯೂ ಹಾಗೆಯೇ. ಸೊನ್ನೆಗಿಂತ ಕಡಿಮೆಯ ಹೋಳು ಎಂಬುದಿಲ್ಲ. ಸಮೀಕ್ಷೆಯಲ್ಲಿ ‘ಅನ್ವಯಿಸುವ ಎಲ್ಲಕ್ಕೂ ಗುರುತು ಹಾಕಿ’ ಎಂಬ ಪ್ರಶ್ನೆ ಇದ್ದರೆ ಒಬ್ಬರೇ ಮೂರು ಉತ್ತರ ಕೊಟ್ಟಿರುತ್ತಾರೆ, ಶೇಕಡಾವಾರು ನೂರು ದಾಟುತ್ತದೆ. ಅದೂ ಬಾರ್‌ಗೇ ಸೇರಿದ್ದು.

ಕೂಡಿಸುವ ಪರೀಕ್ಷೆ ಪಾಸಾಯಿತು ಎಂದ ಮಾತ್ರಕ್ಕೆ ಪೈ ಸರಿ ಎಂದಲ್ಲ. ಹನ್ನೆರಡು ತಿಂಗಳ ಮಳೆ ಕೂಡಿದರೆ ವರ್ಷದ ಮಳೆ ಆಗುತ್ತದೆ, ನಿಜ. ಆದರೆ ಜೂನ್‌ನಲ್ಲಿ ಏರಿ ಅಕ್ಟೋಬರ್ ನಂತರ ಇಳಿಯುವ ಕ್ರಮ ಅಲ್ಲಿ ಮುಖ್ಯ. ವೃತ್ತದಲ್ಲಿ ಡಿಸೆಂಬರ್ ಜನವರಿಗೆ ಅಂಟಿಕೊಂಡು ಆ ಏರಿಳಿತವೇ ಕಾಣದೆ ಹೋಗುತ್ತದೆ.

ಪೈ ಗೆಲ್ಲುವ ಜಾಗ

2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಫಲಿತಾಂಶ: ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಓದುಗರ ಪ್ರಶ್ನೆ ‘ಯಾರಿಗಾದರೂ ಬಹುಮತ ಬಂತೇ’ ಎಂಬುದಾದರೆ ಪೈ ಚಾರ್ಟ್‌ನಷ್ಟು ಬೇಗ ಉತ್ತರ ಕೊಡುವುದು ಇನ್ನೊಂದಿಲ್ಲ. ಅರ್ಧ ವೃತ್ತ, ಕಾಲು ವೃತ್ತ ಇವೆರಡನ್ನು ಕಣ್ಣು ಅಳತೆಯಿಲ್ಲದೆ ಗುರುತಿಸುತ್ತದೆ. ಕಾಂಗ್ರೆಸ್‌ನ ಹೋಳು ಅರ್ಧ ದಾಟಿರುವುದು ಅಂಕಿ ಓದುವ ಮೊದಲೇ ತಿಳಿಯುತ್ತದೆ. ಅದೇ ಬಾರ್ ಚಾರ್ಟ್‌ನಲ್ಲಾದರೆ 113ರ ಬಳಿ ಬೇರೆಯದೇ ಗೆರೆ ಎಳೆದು ‘ಬಹುಮತ’ ಎಂದು ಬರೆಯಬೇಕು.

ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ. ‘ಯಾರು ಯಾರಿಗಿಂತ ಎಷ್ಟು ಮುಂದೆ’ ಎಂದು ಕೇಳಿದ ಕೂಡಲೇ ಪೈ ತಡವರಿಸುತ್ತದೆ. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು: ಒಂದೇ ತಳದಿಂದ ಎದ್ದ ಕಂಬಗಳ ತುದಿಗಳನ್ನು ಹೋಲಿಸುವಾಗ ನಮ್ಮ ಅಂದಾಜು ಹೆಚ್ಚು ನಿಖರ, ಕೋನಗಳನ್ನು ಹೋಲಿಸುವಾಗ ಅಷ್ಟಿಲ್ಲ. ಅಂದಹಾಗೆ ಎರಡೂ ನಕ್ಷೆಗಳು ಒಬ್ಬನೇ ಕೊಟ್ಟವು. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಬಾರ್ ಚಾರ್ಟನ್ನೂ 1801ರಲ್ಲಿ ಪೈ ಚಾರ್ಟನ್ನೂ ಅಚ್ಚು ಹಾಕಿಸಿದ.

ಪೈ ಎಲ್ಲಿ ಸೋಲುತ್ತದೆ ಎಂಬುದಕ್ಕೆ ರಾಜ್ಯದ ಮಾತೃಭಾಷೆಗಳ ಪಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಡ. 2011ರ ಜನಗಣತಿಯ ಪ್ರಕಾರ ಕನ್ನಡ ಸುಮಾರು ಶೇ 66.5, ಉರ್ದು 10.8, ತೆಲುಗು 5.8, ತಮಿಳು 3.5, ಮರಾಠಿ 3.4, ಹಿಂದಿ 3.3, ತುಳು 2.6, ಉಳಿದವು ಅದಕ್ಕಿಂತ ಕಡಿಮೆ. ತಮಿಳು, ಮರಾಠಿ, ಹಿಂದಿಯ ಹೋಳುಗಳು ಮೂರೂ ಹೆಚ್ಚುಕಡಿಮೆ 12 ಡಿಗ್ರಿ. ಯಾವುದು ದೊಡ್ಡದು ಎಂದು ಬರಿಗಣ್ಣಿಗೆ ಹೇಳಲಾಗದು. ಬಾರ್ ಚಾರ್ಟ್‌ನಲ್ಲಿ ಅಂತರ ಸಣ್ಣದಾದರೂ ಕ್ರಮವಾದರೂ ಕಾಣುತ್ತದೆ. ‘ಮೂರರಲ್ಲಿ ಎರಡು ಪಾಲು ಮಂದಿಯ ಮಾತೃಭಾಷೆ ಕನ್ನಡ’ ಎಂಬುದಷ್ಟೇ ಹೇಳಬೇಕಿದ್ದರೆ ಕನ್ನಡ, ಉರ್ದು, ತೆಲುಗು, ಇತರೆ ಎಂದು ನಾಲ್ಕೇ ಹೋಳಿನ ಪೈ ಸಾಕು. ಐದಕ್ಕಿಂತ ಹೆಚ್ಚು ಹೋಳು ಬಂತೆಂದರೆ ಪೈ ಬಿಡುವುದು ಲೇಸು. ಸಣ್ಣವನ್ನೆಲ್ಲ ‘ಇತರೆ’ಗೆ ತುಂಬುವಾಗಲೂ ಎಚ್ಚರ ಬೇಕು: ‘ಇತರೆ’ಯೇ ಎರಡನೇ ದೊಡ್ಡ ಹೋಳಾದರೆ ಓದುಗರು ಕೇಳುವ ಮೊದಲ ಪ್ರಶ್ನೆ ಅದರೊಳಗೆ ಏನಿದೆ ಎಂಬುದೇ. ಈ ಪಟ್ಟಿಯಲ್ಲಿ ಹಾಗೇ ಆಗುತ್ತದೆ, ಇತರೆ ಸುಮಾರು ಶೇ 17ಕ್ಕೆ ಏರಿ ಉರ್ದುವನ್ನು ಹಿಂದಿಕ್ಕುತ್ತದೆ. ಕನ್ನಡ ಒಂದು ಹೋಳು, ಮಿಕ್ಕೆಲ್ಲ ಇನ್ನೊಂದು ಹೋಳು ಎಂದು ಎರಡಕ್ಕೇ ಇಳಿಸಿದರೆ ಇನ್ನೂ ಚೆನ್ನ.

ಕೈಯಲ್ಲಿ ಬಿಡಿಸುವಾಗ

ಶಾಲೆಯ ಪ್ರಾಜೆಕ್ಟಿಗೆ ಪೈ ಬಿಡಿಸುವವರು ಪ್ರತಿ ಸಂಖ್ಯೆಯನ್ನು 360ರಿಂದ ಗುಣಿಸಿ ಮೊತ್ತದಿಂದ ಭಾಗಿಸಬೇಕು. ಮೇಲಿನ ಚುನಾವಣಾ ಲೆಕ್ಕದಲ್ಲಿ ಕಾಂಗ್ರೆಸ್‌ಗೆ 217 ಡಿಗ್ರಿ, ಬಿಜೆಪಿಗೆ 106, ಜೆಡಿಎಸ್‌ಗೆ 30.5, ಇತರರಿಗೆ 6.5 ಬರುತ್ತದೆ. ಎಲ್ಲ ಕೂಡಿ 360 ಆಯಿತೇ ನೋಡಿ. ಕೈವಾರದಲ್ಲಿ 4 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಗಡಿಯಾರದ 12 ಗಂಟೆಯ ಜಾಗಕ್ಕೆ ಮೊದಲ ಗೆರೆ ಹಾಕಿ, ದೊಡ್ಡ ಹೋಳನ್ನು ಬಲಕ್ಕೆ ಸುತ್ತಿಸಿ. ಮಕ್ಕಳು ತೊಡರುವುದು ಇಲ್ಲಿಯೇ: ಜಾಮಿಟ್ರಿ ಬಾಕ್ಸಿನ ಕೋನಮಾಪಕ 180ಕ್ಕೆ ನಿಲ್ಲುತ್ತದೆ, 217 ಅಳೆಯುವುದು ಹೇಗೆ? 360ರಲ್ಲಿ 217 ಕಳೆದರೆ 143. ಅದೇ ಮೊದಲ ಗೆರೆಯಿಂದ ಎಡಕ್ಕೆ 143 ಡಿಗ್ರಿ ಅಳೆದು ಗೆರೆ ಎಳೆದರೆ ಬಲಬದಿಯಲ್ಲಿ ಉಳಿದದ್ದೇ 217. ಇತರರ 6.5 ಡಿಗ್ರಿಯ ಹೋಳು ಅಂಚಿನಲ್ಲಿಯೂ ಅರ್ಧ ಸೆಂ.ಮೀ. ಅಗಲ ಇರುವುದಿಲ್ಲ. ಒಳಗೆ ಬರೆಯಲು ಹೋಗದೆ ಹೊರಗೆ ಬರೆದು ಸಣ್ಣ ಗೆರೆಯಿಂದ ಜೋಡಿಸಿ.

ಹೋಳಿನ ಮೇಲೆ ಶೇಕಡಾವಾರು ಬರೆಯುವುದೋ ಸ್ಥಾನಗಳನ್ನು ಬರೆಯುವುದೋ? ಇದೇ ಲೆಕ್ಕವನ್ನು ಪೂರ್ಣಾಂಕಕ್ಕೆ ಇಳಿಸಿದರೆ 60, 29, 8, 2 ಬರುತ್ತದೆ, ಕೂಡಿದರೆ 99. ಒಂದು ದಶಮಾಂಶ ಇಟ್ಟುಕೊಂಡರೆ 60.3, 29.5, 8.5, 1.8, ಕೂಡಿದರೆ 100.1. ಲೆಕ್ಕ ತಪ್ಪಿಲ್ಲ, ಅಂದಾಜಿಸುವಾಗ ಆಗುವ ವ್ಯತ್ಯಾಸ ಅಷ್ಟೇ. ಆದರೂ ಸಭೆಯಲ್ಲಿ ಯಾರಾದರೂ ಒಬ್ಬರು ಕೂಡಿ ನೋಡಿಯೇ ನೋಡುತ್ತಾರೆ. 135, 66, 19, 4 ಎಂದೇ ಬರೆದು ಕೆಳಗೆ ‘ಒಟ್ಟು 224’ ಎಂದರೆ ತಕರಾರಿಲ್ಲ.

ಬಾರ್ ಚಾರ್ಟ್‌ಗೆ ಗ್ರಾಫ್ ಹಾಳೆ ಇದ್ದರೆ 1 ಸೆಂ.ಮೀ.ಗೆ 10 ಸ್ಥಾನ ಎಂದು ಪ್ರಮಾಣ ಹಿಡಿಯಿರಿ. ಕಂಬಗಳು 13.5, 6.6, 1.9, 0.4 ಸೆಂ.ಮೀ. ಆಗುತ್ತವೆ. ಕಂಬಗಳ ಅಗಲ ಒಂದೇ ಇರಲಿ. ನಡುವಿನ ಜಾಗ ಅಗಲದ ಅರ್ಧದಷ್ಟಿದ್ದರೆ ನೋಡಲು ಚೆನ್ನ.

ಎಕ್ಸೆಲ್‌ನಲ್ಲಿ ಬಾರ್ ಕೆಡುವುದು ಹೀಗೆ

ಬಾರ್ ಚಾರ್ಟ್ ಆರಿಸಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದಲ್ಲ. ದೊಡ್ಡ ಮೋಸ ನಡೆಯುವುದು ಅಕ್ಷದ ಬುಡದಲ್ಲಿ. ಸಾಕ್ಷರತೆಯ ಅಂಕಿಗಳಿಗೆ ಅಕ್ಷವನ್ನು 50ರಿಂದ ಶುರು ಮಾಡಿದರೆ ಯಾದಗಿರಿಯ ಕಂಬ 1.83ರಷ್ಟು, ದಕ್ಷಿಣ ಕನ್ನಡದ್ದು 38.57ರಷ್ಟು ಎತ್ತರ ನಿಲ್ಲುತ್ತದೆ: ಇಪ್ಪತ್ತೊಂದು ಪಟ್ಟು. ನಿಜವಾದ ಅಂತರ ಎರಡು ಪಟ್ಟೂ ಇಲ್ಲ. ಬಾರ್ ಮಾತಾಡುವುದು ಉದ್ದದಿಂದ, ಹಾಗಾಗಿ ಬುಡ ಕತ್ತರಿಸುವಂತಿಲ್ಲ. ಅಂಕಿಗಳು ಹತ್ತಿರ ಹತ್ತಿರ ಇದ್ದಾಗ ಎಕ್ಸೆಲ್ ತಾನೇ ಸೊನ್ನೆ ಬಿಟ್ಟು ಮೇಲಿನಿಂದ ಆರಂಭಿಸುತ್ತದೆ. ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್ ಆಕ್ಸಿಸ್’ಗೆ ಹೋಗಿ, ‘ಮಿನಿಮಮ್’ ಜಾಗದಲ್ಲಿ 0 ಎಂದು ನೀವೇ ತುಂಬಿ.

ಕನ್ನಡದ ಹೆಸರುಗಳು ಉದ್ದ. ‘ಬೆಂಗಳೂರು ಗ್ರಾಮಾಂತರ’, ‘ಚಿಕ್ಕಬಳ್ಳಾಪುರ’ ನಿಂತ ಕಂಬದ ಕೆಳಗೆ ಹಿಡಿಸದೆ ಓರೆಯಾಗಿ ತಿರುಗುತ್ತವೆ, ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಅಡ್ಡ ಬಾರ್ ಹಾಕಿ. ಆದರೆ ಅಡ್ಡ ಬಾರ್‌ನಲ್ಲಿ ಎಕ್ಸೆಲ್ ಪಟ್ಟಿಯ ಮೊದಲ ಸಾಲನ್ನು ಕೆಳಗಿಡುತ್ತದೆ. ಅದನ್ನು ತಿರುಗಿಸಲು ಹೆಸರುಗಳಿರುವ ಅಕ್ಷದಲ್ಲಿ ‘ಕೆಟಗರೀಸ್ ಇನ್ ರಿವರ್ಸ್ ಆರ್ಡರ್’ ಎಂಬುದಕ್ಕೆ ಟಿಕ್ ಹಾಕಬೇಕು. ಪಟ್ಟಿಯನ್ನು ಮೊದಲೇ ದೊಡ್ಡದರಿಂದ ಚಿಕ್ಕದಕ್ಕೆ ವಿಂಗಡಿಸಿಡಿ; ಅಕಾರಾದಿ ಕ್ರಮ ಹುಡುಕುವವರಿಗೆ ಅನುಕೂಲವೇ ಹೊರತು ಹೋಲಿಸುವವರಿಗಲ್ಲ. ಬಾರ್‌ಗಳ ನಡುವಿನ ಜಾಗ ಹೇಳುವ ‘ಗ್ಯಾಪ್ ವಿಡ್ತ್’ ಅನ್ನು 50ರ ಸುಮಾರಿಗೆ ಇಳಿಸಿ. ಪ್ರತಿ ಬಾರ್‌ಗೂ ಒಂದೊಂದು ಬಣ್ಣ ಬೇಡ, ನೀವು ಮಾತಾಡಲಿರುವ ಜಿಲ್ಲೆಗೊಂದು ಬಣ್ಣ, ಉಳಿದವಕ್ಕೆ ಬೂದು ಸಾಕು.

ತ್ರೀ-ಡಿ ಬೇಡವೇ ಬೇಡ. ಪೈ ಹಿಂದಕ್ಕೆ ವಾಲಿದಾಗ ಮುಂದಿನ ಹೋಳಿಗೆ ದಪ್ಪವೂ ಸೇರಿ ಅದು ದೊಡ್ಡದಾಗಿ ಕಾಣುತ್ತದೆ, ಹಿಂದಿನದು ಕುಗ್ಗುತ್ತದೆ.

ಹಲವು ವರ್ಷಗಳಿದ್ದರೆ

2013ರಲ್ಲಿ ಕಾಂಗ್ರೆಸ್ 122, ಬಿಜೆಪಿ 40, ಜೆಡಿಎಸ್ 40. 2018ರಲ್ಲಿ ಮುಂದೂಡಿದ್ದ ಎರಡು ಕ್ಷೇತ್ರಗಳನ್ನೂ ಸೇರಿಸಿ 80, 104, 37. 2023ರಲ್ಲಿ 135, 66, 19. ಮೂರು ಪೈಗಳನ್ನು ಸಾಲಾಗಿ ಇಡುವುದು ಕಚೇರಿಗಳಲ್ಲಿ ರೂಢಿ. ಆದರೆ ಬಿಜೆಪಿಯ ಹೋಳು ಪ್ರತಿ ವೃತ್ತದಲ್ಲೂ ಬೇರೆ ಕಡೆ ತಿರುಗಿರುವುದರಿಂದ ಹೋಲಿಕೆ ಕಷ್ಟ. ಒಂದರ ಮೇಲೊಂದು ಪೇರಿಸಿದ ಬಾರ್‌ನಲ್ಲೂ ತಳದಲ್ಲಿರುವ ಪಕ್ಷವನ್ನು ಮಾತ್ರ ಸರಿಯಾಗಿ ಹೋಲಿಸಬಹುದು. ನಡುವಿನದರ ಬುಡ ವರ್ಷ ವರ್ಷಕ್ಕೂ ಮೇಲೆ ಕೆಳಗೆ ಆಗುತ್ತದೆ. ಪಕ್ಷವಾರು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಮೂರು ವರ್ಷದ ಮೂರು ಕಂಬ ನಿಲ್ಲಿಸಿ. ಜೆಡಿಎಸ್ 40ರಿಂದ 37ಕ್ಕೆ, ಅಲ್ಲಿಂದ 19ಕ್ಕೆ ಇಳಿದದ್ದು ಆಗ ಎದ್ದು ಕಾಣುತ್ತದೆ.

ಕೊನೆಗೆ ಒಂದು ಪ್ರತಿಯನ್ನು ಕಪ್ಪು-ಬಿಳುಪಿನಲ್ಲಿ ಝೆರಾಕ್ಸ್ ತೆಗೆಸಿ ನೋಡಿ. ಪಕ್ಕದ ಸೂಚಿಯಲ್ಲಿ ಬಣ್ಣ ನೋಡಿ ಗುರುತಿಸಬೇಕಾದ ಪೈ ಅಲ್ಲಿ ಬರೀ ಬೂದು ಚಕ್ರವಾಗಿರುತ್ತದೆ. ಹೆಸರನ್ನು ಹೋಳಿನ ಮೇಲೆಯೇ ಬರೆದಿದ್ದರೆ ಪಾರಾಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗಜಿಬಿಜಿಯಾಗುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ, ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.