ಕಣ್ಣಿನ ಆಸರೆ ಬಿಡಿಸಿಕೊಂಡ ಹದಿನಾಲ್ಕು ತಿಂಗಳು: ಕುತ್ತಿಗೆಯ ಶಸ್ತ್ರಚಿಕಿತ್ಸೆಯ ನಂತರ ನನ್ನ ಅನುಭವ

2022ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಕುತ್ತಿಗೆಯ ಮುಂಭಾಗದಿಂದ ಸಿ-4 ಮತ್ತು ಸಿ-6ರ, ಅಂದರೆ ಕುತ್ತಿಗೆಯ ನಾಲ್ಕನೆಯ ಮತ್ತು ಆರನೆಯ ಮೂಳೆಗಳ ನಡುವಿನ ಎರಡು ಡಿಸ್ಕ್‌ಗಳನ್ನು ತೆಗೆದು, ಆ ಜಾಗದಲ್ಲಿ ಕೇಜ್ ಎಂಬ ಆಸರೆಯ ತುಂಡು ಕೂಡಿಸಿ, ಪ್ಲೇಟ್ ಬಿಗಿದರು. ಬೆನ್ನುಹುರಿಯ ಮೇಲಿನ ಒತ್ತಡ ಹೋಯಿತು, ಕೈಬೆರಳುಗಳ ಜಡತ್ವ ಆರೇಳು ವಾರಗಳಲ್ಲಿ ಕಡಿಮೆಯಾಯಿತು, ಆದರೆ ನಡಿಗೆಯ ಸಮತೋಲ ಮಾತ್ರ ಮರಳಲಿಲ್ಲ. ಈ ಶಸ್ತ್ರಚಿಕಿತ್ಸೆ ಹೆಚ್ಚಿನ ಹಾನಿಯನ್ನು ತಡೆಯುತ್ತದೆ, ಆಗಿರುವ ಹಾನಿ ಎಷ್ಟು ತುಂಬುತ್ತದೆಂದು ಮೊದಲೇ ಹೇಳಲಾಗದು ಎಂಬ ಮಾತನ್ನು ಇದೇ ದಾರಿಯಲ್ಲಿ ಬಂದವರೆಲ್ಲ ಕೇಳಿರುತ್ತೀರಿ. ನನ್ನ ಒತ್ತಡ ಸುಮಾರು ಎರಡು ವರ್ಷ ಹಳೆಯದಾಗಿದ್ದುದರಿಂದ, ಬಂದಷ್ಟಕ್ಕೆ ತೃಪ್ತಿಪಡಬೇಕೆಂದು ಎಲ್ಲರೂ ತೀರ್ಮಾನಿಸಿದ್ದರು. ಗದಗ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿ ಮಕ್ಕಳನ್ನು ಓಡಿಸಿದ ನನಗೆ ಆ ತೀರ್ಮಾನ ಒಪ್ಪಿಗೆಯಾಗಲಿಲ್ಲ.

ಹಗಲಿನಲ್ಲಿ ನಾನು ಹೇಗೋ ನಡೆಯುತ್ತಿದ್ದೆ. ಆದರೆ ಬಚ್ಚಲಿನಲ್ಲಿ ಸೋಪು ಹಚ್ಚಿ ಕಣ್ಣು ಮುಚ್ಚಿದೊಡನೆ ಗೋಡೆಯ ಮೇಲೆ ವಾಲುತ್ತಿದ್ದೆ, ಕರೆಂಟು ಹೋದರೆ ಇದ್ದಲ್ಲಿಯೇ ಕುಳಿತುಬಿಡುತ್ತಿದ್ದೆ. ವೈದ್ಯರು ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವ ರಾಂಬರ್ಗ್ ಪರೀಕ್ಷೆ ಹಿಡಿಯುವುದು ಇದನ್ನೇ: ಕಾಲಿನ ಕೀಲುಗಳು ಎಲ್ಲಿವೆಯೆಂಬ ಸುದ್ದಿ ಬೆನ್ನುಹುರಿಯ ಹಿಂಬದಿಯಿಂದ ಸರಿಯಾಗಿ ಮೇಲೇರದಿದ್ದಾಗ ಕಣ್ಣೇ ಆ ಕೆಲಸವನ್ನು ಹೊತ್ತುಕೊಂಡಿರುತ್ತದೆ. ಮೂರನೆಯ ತಿಂಗಳಲ್ಲಿ ನಾನು ಹಾಗೆ ನಿಲ್ಲಬಲ್ಲವನಾಗಿದ್ದುದು ನಾಲ್ಕೈದು ಸೆಕೆಂಡು ಮಾತ್ರ.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ನನಗೆ ಫ್ರೆಂಕೆಲ್ ವ್ಯಾಯಾಮಗಳನ್ನು ಕಲಿಸಿದರು. ಪಾದವನ್ನು ನೋಡುತ್ತ, ಎಣಿಸುತ್ತ, ಗುರುತಿನ ಮೇಲೆ ಇಡುವ ಅಭ್ಯಾಸಗಳವು. ಮೊದಲ ಎರಡು ತಿಂಗಳು ಅವು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಪ್ಪೆಂದರೆ ಅವುಗಳಲ್ಲಿಯೇ ಐದು ತಿಂಗಳು ಉಳಿದುದು. ಒಂದು ಸಲಕ್ಕೆ 400 ರೂಪಾಯಿಯಂತೆ ನಲವತ್ತಕ್ಕೂ ಹೆಚ್ಚು ಭೇಟಿಗಳಾದವು. ಪಾದ ನೋಡಿಕೊಂಡು ನಡೆಯುವುದರಲ್ಲಿ ನಾನು ನಿಪುಣನಾದೆ, ತಲೆ ಎತ್ತಿದರೆ ಮೊದಲಿನಂತೆಯೇ ತೂರಾಡಿದೆ. ನೆಲ ಮೆತ್ತಗಿದ್ದರೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ 3,500 ರೂಪಾಯಿ ಕೊಟ್ಟು ದಪ್ಪ ಅಟ್ಟೆಯ ಬೂಟುಗಳನ್ನು ಕೊಂಡೆ. ಅವುಗಳನ್ನು ಹಾಕಿಕೊಂಡರೆ ಅಂಗಾಲಿಗೆ ಅಳಿದುಳಿದಿದ್ದ ಅರಿವೂ ಮುಚ್ಚಿಹೋಗುತ್ತಿತ್ತು. ಬರಿಗಾಲು, ಇಲ್ಲವೇ ತೆಳು ಅಟ್ಟೆಯ ಚಪ್ಪಲಿ, ಇವೇ ನನಗೆ ಒಗ್ಗಿದವು. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಬರಿಗಾಲಿಗೆ ಹೋಗಬಾರದು.

ಮಾಡಬೇಕಾದದ್ದು ಕಣ್ಣಿನ ಸಹಾಯವನ್ನು ಸ್ವಲ್ಪಸ್ವಲ್ಪವಾಗಿ ಕಿತ್ತುಕೊಳ್ಳುವುದೆಂದು ಹೊಳೆದಾಗ ಆತುರಪಟ್ಟೆ. 2023ರ ಜನವರಿಯ ಕೊನೆಯಲ್ಲಿ ಒಂದು ದಿನ ಕಣ್ಣಿಗೆ ಕರಿಬಟ್ಟೆ ಕಟ್ಟಿಕೊಂಡು ಪಡಸಾಲೆಯಲ್ಲಿ ನಡೆಯಹೋಗಿ ಬಿದ್ದೆ. ಕುತ್ತಿಗೆಗೆ ಏನೂ ಆಗಲಿಲ್ಲ, ಎಡ ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಬಿಟ್ಟಿತು. ಪ್ಲಾಸ್ಟರು, ಎಕ್ಸ್‌ರೇ ಎಂದು ಐದು ಸಾವಿರದ ಹತ್ತಿರ ಹೋಯಿತು, ಐದು ವಾರ ವ್ಯರ್ಥವಾಯಿತು. ನನ್ನ ಜೊತೆಗೆ ಕೆಲಸ ಮಾಡಿದ್ದ ಶಿಕ್ಷಕರೊಬ್ಬರು ನೋಡಲು ಬಂದು, "ಸರ್, ಬೀಳಾಕ ನೀವ ದಾರಿ ಮಾಡ್ಕೊಳ್ಳಾಕತ್ತೀರಿ" ಎಂದರು. ಮನೆಯಲ್ಲಿ ಒಂದು ವಾರ ನನ್ನೊಂದಿಗೆ ಮಾತು ಕಡಿಮೆಯಾಗಿತ್ತು.

ನಂತರ ದಾರಿಯನ್ನು ಬದಲಿಸಿದೆ. ಹಳೆಯ ಕನ್ನಡಕವೊಂದರ ಕೆಳಗಿನ ಅರ್ಧಕ್ಕೆ ಇನ್ಸುಲೇಷನ್ ಟೇಪ್ ಅಂಟಿಸಿದೆ. ಇದರಿಂದ ಎದುರಿನ ಗೋಡೆ ಕಾಣುತ್ತದೆ, ಸ್ವಂತ ಪಾದ ಕಾಣುವುದಿಲ್ಲ. ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಮಾಳಿಗೆಯ ಮೇಲೆ ಹನ್ನೆರಡು ಅಡಿ ಉದ್ದದ ಜೋಡಿಗೆರೆ ಎಳೆದು, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವುಗಳ ನಡುವೆ ನಡೆದೆ. ಗೆರೆಗಳ ನಡುವಿನ ಅಂತರವನ್ನು ಒಂದು ಅಡಿಯಿಂದ ಆರಂಭಿಸಿ ಗೇಣಿಗೆ, ಕೊನೆಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವ ಒಂಟಿ ಗೆರೆಗೆ ಇಳಿಸಲು ನಾಲ್ಕು ತಿಂಗಳು ಬೇಕಾದವು. ಆಮೇಲೆ ಕನ್ನಡಕದ ಮೇಲಿನ ಅರ್ಧಕ್ಕೆ ಟ್ರೇಸಿಂಗ್ ಕಾಗದ ಹಚ್ಚಿದೆ. ಆಮೇಲೆ ಝೀರೋ ಬಲ್ಬಿನ ಬೆಳಕಿನಲ್ಲಿ ನಡೆದೆ. ಪೂರ್ತಿ ಕಣ್ಣು ಮುಚ್ಚಿ ನಿಲ್ಲುವುದನ್ನು ಕೋಣೆಯ ಮೂಲೆಯಲ್ಲಿ ಮಾತ್ರ ಮಾಡಿದೆ. ಬೆನ್ನ ಹಿಂದೆ ಎರಡು ಗೋಡೆ, ಎದುರಿಗೆ ಭಾರವಾದ ಕುರ್ಚಿ. ಯಾವ ಹಂತದಿಂದ ಯಾವಾಗ ಮುಂದೆ ಹೋಗಬೇಕೆಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಗರ್ರನೆ ತಿರುಗುವಾಗ ಬಳಸುವ ಒಂದು ಉಪಾಯವೂ ಇದೆ. ಎರಡನ್ನೂ ಎದುರಿಗೆ ನಿಂತು ತೋರಿಸಬಲ್ಲೆನೇ ಹೊರತು ಇಲ್ಲಿ ಬರೆಯಲಾರೆ, ಏಕೆಂದರೆ ಓದಿ ತಪ್ಪು ಕಲಿತವರು ಬೀಳುವುದು ನಿಶ್ಚಿತ.

ಅಳತೆಯಿಲ್ಲದೆ ಅಭ್ಯಾಸ ಮಾಡಿಸಿ ನನಗೆ ರೂಢಿಯಿಲ್ಲ. ಗೌಂಡಿಗಳು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡನ್ನು ಸೊಂಟದ ಪಟ್ಟಿಗೆ ಹಿಂದಿನಿಂದ ಕಟ್ಟಿ, ಅದರ ಮೊನೆ ತಟ್ಟೆಯಲ್ಲಿ ಹರಡಿದ ರಂಗೋಲಿ ಪುಡಿಯನ್ನು ಸವರುವಂತೆ ಮಾಡಿದೆ. ಅರ್ಧ ನಿಮಿಷ ನಿಂತರೆ ಶರೀರದ ತೂಗಾಟವೆಲ್ಲ ಪುಡಿಯ ಮೇಲೆ ಮೂಡುತ್ತಿತ್ತು. ಆರಂಭದಲ್ಲಿ ಅಂಗೈ ಅಗಲವಿದ್ದ ಗೀಚು ವರ್ಷದ ಕೊನೆಗೆ ಎರಡು ರೂಪಾಯಿ ನಾಣ್ಯದಷ್ಟಾಯಿತು. ಮಕ್ಕಳು ಆಡುವ ಅರವತ್ತು ರೂಪಾಯಿಯ ಲೇಸರ್ ದೀಪವನ್ನು ಟೋಪಿಗೆ ಕಟ್ಟಿ, ಕಣ್ಣು ಮುಚ್ಚಿ ಕುತ್ತಿಗೆ ತಿರುಗಿಸಿ, ಮತ್ತೆ ಮೊದಲಿನ ಜಾಗಕ್ಕೆ ತರುವ ಪ್ರಯೋಗವನ್ನೂ ಮಾಡಿದೆ. ಕುತ್ತಿಗೆ ತಿರುಗಿಸಲು ಶಸ್ತ್ರಚಿಕಿತ್ಸಕರು ಅನುಮತಿ ಕೊಟ್ಟ ಮೇಲೆಯೇ ಇದು. ಚುಕ್ಕೆ ಬಲಗಡೆಗೆ ಯಾವಾಗಲೂ ನಾಲ್ಕು ಬೆರಳು ತಪ್ಪುತ್ತಿತ್ತು, ರಸ್ತೆ ದಾಟುವಾಗ ಬಲಕ್ಕೆ ನೋಡಿದೊಡನೆ ನಾನು ವಾಲುತ್ತಿದ್ದುದಕ್ಕೆ ಇದೇ ಕಾರಣವಿರಬೇಕೆಂದು ನನ್ನ ನಂಬಿಕೆ. ಆ ಅಭ್ಯಾಸವನ್ನು ಎರಡು ತಿಂಗಳು ಬಿಡದೆ ಮಾಡಿದ ಮೇಲೆ ತಪ್ಪುವುದು ಬೆರಳಿನಷ್ಟಕ್ಕೆ ಇಳಿಯಿತು.

ನಡುವೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದಾಗ 140ರ ಆಸುಪಾಸು ಬಂತು. ಇದರ ಕೊರತೆಯೂ ಬೆನ್ನುಹುರಿಯ ಅದೇ ಹಿಂಬದಿಯನ್ನು ಕೆಡಿಸುವುದರಿಂದ, ವೈದ್ಯರು ಕೂಡಲೇ ಇಂಜೆಕ್ಷನ್ ಆರಂಭಿಸಿದರು. ಸಸ್ಯಾಹಾರಿಗಳು ಈ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಬೇಕು. ನನ್ನ ಸುಧಾರಣೆಯಲ್ಲಿ ಇಂಜೆಕ್ಷನ್ನಿನ ಪಾಲೂ ಇರಬಹುದೆಂದು ಪ್ರಾಮಾಣಿಕವಾಗಿ ಒಪ್ಪುತ್ತೇನೆ.

ಖರ್ಚು ಹೀಗಿದೆ: ಶಸ್ತ್ರಚಿಕಿತ್ಸೆ ಎರಡೂವರೆ ಲಕ್ಷದಷ್ಟು, ಅದರಲ್ಲಿ ವಿಮೆಯಿಂದ ಒಂದೂವರೆ ಲಕ್ಷ ಬಂತು, ಎರಡು ಎಂಆರ್‌ಐಗೆ ಹದಿನೈದು ಸಾವಿರ. ನಿಜವಾಗಿ ನನ್ನನ್ನು ನಡೆಸಿದ ಟೇಪು, ಸುಣ್ಣ, ಗುಂಡು, ಲೇಸರ್ ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಗದಗಿನ ತ್ರಿಕೂಟೇಶ್ವರ ಗುಡಿಯ ಕಲ್ಲುಹಾಸಿನ ಮೇಲೆ ಮುಸ್ಸಂಜೆಯಲ್ಲಿ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದೆ, ಯಾರ ಕೈಯನ್ನೂ ಹಿಡಿಯಲಿಲ್ಲ. ಅದೇ ವಾರ ಫಿಸಿಯೋಥೆರಪಿಸ್ಟ್ ತಾವೇ ಗಡಿಯಾರ ಹಿಡಿದು ನೋಡಿದಾಗ ಕಣ್ಣು ಮುಚ್ಚಿ ನಲವತ್ತು ಸೆಕೆಂಡು ನಿಂತೆ. ನನ್ನ ಕನ್ನಡಕವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ ಅವರು ಅದರ ಫೋಟೋ ತೆಗೆದುಕೊಂಡು ಹೋದರು. ಮಳೆ ಬಿದ್ದ ಎರೆ ಹೊಲದಲ್ಲಿ ಮಾತ್ರ ನನ್ನ ಲೆಕ್ಕ ಇನ್ನೂ ಕೂಡಿಬಂದಿಲ್ಲ. ಮಣ್ಣು ಪಾದಕ್ಕೆ ಮೆತ್ತಿಕೊಂಡಾಗ ಎಡಗಾಲು ಎಲ್ಲಿದೆಯೆಂದು ತಿಳಿಯುವುದಿಲ್ಲ, ಬಲಗೈಯಲ್ಲಿ ಕೋಲು ಹಿಡಿದೇ ಬದುವಿನ ಮೇಲೆ ಹೋಗುತ್ತೇನೆ. ಈ ಮುಂಗಾರಿನಲ್ಲಿ ಒಂದು ಪುಟ್ಟಿ ಎರೆಮಣ್ಣನ್ನು ಮಾಳಿಗೆಗೆ ತಂದು ಕಲಸಿ, ಅದರ ಮೇಲೆ ನಿಲ್ಲುವುದನ್ನು ಆರಂಭಿಸಿದ್ದೇನೆ.