ಕಂಪ್ಯೂಟರ್ ಆನ್ ಆಗ್ತಿಲ್ವಾ? ಮೊದಲು ರ‍್ಯಾಮ್ ನೋಡಿ

ಮನೆಯ ಡೆಸ್ಕ್‌ಟಾಪ್ ಪದೇ ಪದೇ ಕ್ರ್ಯಾಶ್ ಆಗಿ, ಕೊನೆಗೆ ಫ್ಯಾನ್ ತಿರುಗಿದರೂ ಪರದೆ ಕಪ್ಪಗೇ ಇದ್ದರೆ, ದಯವಿಟ್ಟು ತಕ್ಷಣ ಹೊಸ ಮದರ್‌ಬೋರ್ಡ್ ಕೊಳ್ಳಬೇಡಿ. ಎಷ್ಟೋ ಸಲ ತೊಂದರೆ ಬೋರ್ಡ್‌ಗೆ ಸಿಕ್ಕಿಸಿರುವ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್‌ನಲ್ಲಿರುತ್ತದೆ.

ಪ್ಲಗ್ ತೆಗೆದು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್‌ನ ಲೋಹ ಮುಟ್ಟಿ, ಆಮೇಲೆ ರ‍್ಯಾಮ್ ಬಿಚ್ಚಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟಿದ್ದು ಯಾವುದು ಅಂತ ಗೊತ್ತಾಗುತ್ತದೆ. ತಾರೀಖು ಪ್ರತಿಸಲ ಹಿಂದಕ್ಕೆ ಹೋಗ್ತಿದ್ರೆ ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ, ಅದು ಅಗ್ಗ.

ವಿಂಡೋಸ್ ಲೋಗೋ ಬಂದು ನಿಂತುಬಿಡುತ್ತಾ? ಆಗ ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ಬರುತ್ತದೆ, ಅಲ್ಲಿ ಸ್ಟಾರ್ಟಪ್ ರಿಪೇರಿ, ಸೇಫ್ ಮೋಡ್ (ಅತ್ಯಗತ್ಯ ಭಾಗಗಳಿಂದ ಮಾತ್ರ ವಿಂಡೋಸ್ ತೆರೆಯುವ ದಾರಿ) ಎರಡೂ ಸಿಗುತ್ತವೆ. ಫಾರ್ಮ್ಯಾಟ್ ಮಾಡೋಣ, ಅಂದರೆ ಡಿಸ್ಕ್‌ನಲ್ಲಿರುವುದನ್ನೆಲ್ಲ ಅಳಿಸೋಣ ಅಂತ ಅಂಗಡಿಯವರು ಅಂದರೆ ಮೊದಲು ಫೋಟೋ, ದಾಖಲೆ ಕಾಪಿ ಮಾಡಿಸಿಕೊಳ್ಳಿ.

ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಭಾಗ) ಡಬ್ಬಿ ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.